ಬಾವಿಗೆ ನೀರು ಹಾಕುವ ಪಾಪಕ್ಕ

ಊರಿನವರೆಲ್ಲ ಬಾವಿಯಿಂದ ನೀರು ಸೇದುತ್ತಾರೆ, ಪಾಪಕ್ಕ ಬಾವಿಗೆ ನೀರು ಹಾಕುತ್ತಾಳೆ. ಮಧುರೆ ಹೋಬಳಿಯ ಆ ಸಣ್ಣ ಹಳ್ಳಿಯಲ್ಲಿ ಇದು ಹಳೆಯ ತಮಾಷೆ. ಯಾರಾದರೂ ಕೆಲಸಕ್ಕೆ ಬಾರದ ಕೆಲಸ ಹಿಡಿದು ಕೂತರೆ, "ಏನ್ಲಾ, ಪಾಪಕ್ಕನ ಬಾವಿಗೆ ನೀರ್ ಹೊರ್ತಾ ಇದೀಯಾ?" ಎಂದು ಕೇಳುವಷ್ಟರ ಮಟ್ಟಿಗೆ ಅದು ಗಾದೆಯೇ ಆಗಿಹೋಗಿತ್ತು. ಪಾಪಕ್ಕನ ಕಿವಿಗೂ ಅದು ಬೀಳುತ್ತಿತ್ತು. ಆಡುವವರ ಬಾಯಿಗೆ ಬೀಗ ಹಾಕಲು ಆಗುತ್ತದೆಯೇ? ಅವಳು ಬಿಂದಿಗೆ ಎತ್ತಿಕೊಂಡು ತನ್ನ ಪಾಡಿಗೆ ತಾನು ಹಿತ್ತಲಿಗೆ ಹೋಗುತ್ತಿದ್ದಳು.

ಹಿತ್ತಲಿನ ಆ ಕಲ್ಲುಬಾವಿ ಬತ್ತಿ ಯಾವ ಕಾಲವಾಯಿತೋ. ಸುತ್ತಮುತ್ತ ಕೊಳವೆಬಾವಿಗಳು ಬಿದ್ದ ಮೇಲೆ ಅದರ ತಳದಲ್ಲಿ ಒಡೆದ ಕೊಡ, ಹರಿದ ಚಪ್ಪಲಿ, ಪ್ಲಾಸ್ಟಿಕ್ಕು ಬಿಟ್ಟರೆ ಏನೂ ಇರಲಿಲ್ಲ. ಬೆಳಿಗ್ಗೆ ಹಸು ಕರೆದು ಡೈರಿಗೆ ಹಾಲು ಹಾಕಿ ಬಂದ ಪಾಪಕ್ಕ ಬಿಂದಿಗೆಯ ಬಾಯನ್ನು ಬಾವಿಯ ಮೂಡಲ ಗೋಡೆಗೆ ತಾಗಿಸಿ, ಕೂಸಿಗೆ ಒಳಲೆಯಲ್ಲಿ ಹಾಲು ಕುಡಿಸುವ ಹಾಗೆ, ಸಣ್ಣಗೆ ನೀರು ಬಿಡುತ್ತಿದ್ದಳು. ನೀರು ಕಲ್ಲಿನಿಂದ ಕಲ್ಲಿಗೆ ಇಳಿದು, ಎರಡಾಳು ಆಳದಲ್ಲಿ ಗಾರೆ ಬಿರಿದ ಒಂದು ಸಂದಿಗೆ ಹೋಗಿ ಸೇರುತ್ತಿತ್ತು. ಆ ಸಂದಿಯಲ್ಲಿ ಒಂದು ಹಿಡಿ ಹಸಿರಿತ್ತು. ಕಪ್ಪು ದಾರದಂಥ ಕಡ್ಡಿಗಳು, ಕಡ್ಡಿಯ ತುಂಬ ಕೊತ್ತಂಬರಿಯಂಥ ಪುಟ್ಟಪುಟ್ಟ ಎಲೆಗಳು. ಊರಿನಲ್ಲಿ ಅದಕ್ಕೆ ಬಾವಿಸೊಪ್ಪು ಅನ್ನುವುದಕ್ಕಿಂತ ಹೆಚ್ಚಿನ ಹೆಸರಿಲ್ಲ. ದನ ತಿನ್ನದ, ದೇವರಿಗೆ ಮುಡಿಸದ, ರೇಷ್ಮೆಹುಳಕ್ಕೆ ಹಾಕದ ಸೊಪ್ಪಿಗೆ ಯಾರು ತಾನೇ ಕೂತು ಹೆಸರಿಡುತ್ತಾರೆ?

ಆದರೆ ಪಾಪಕ್ಕನಿಗೂ ಆ ಸೊಪ್ಪಿಗೂ ಒಂದು ಮಾತಾಗಿತ್ತು. ಅವಳು ಈ ಮನೆಗೆ ಸೊಸೆಯಾಗಿ ಬಂದ ಎರಡನೇ ವರ್ಷ. ರೇಷ್ಮೆಹುಳುಗಳು ಹೊಟ್ಟೆಬಾಕರ ಹಾಗೆ ತಿನ್ನುವ ಕೊನೆಯ ದಿನಗಳು. ಮನೆಮಂದಿಯೆಲ್ಲ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರು. ಐದು ತಿಂಗಳ ಬಸುರಿ ಪಾಪಕ್ಕ ಮಧ್ಯಾಹ್ನ ಒಬ್ಬಳೇ ನೀರು ಸೇದುತ್ತಿದ್ದಾಗ ಹಗ್ಗ ಕಿತ್ತಿತು, ಕಾಲು ಜಾರಿತು, ಬಾವಿಗೆ ಬಿದ್ದಳು. ಆಗ ಬಾವಿಯಲ್ಲಿ ಆಳು ಮುಳುಗುವಷ್ಟು ನೀರಿತ್ತು. ಮುಳುಗಿ ಎದ್ದವಳ ಕೈಗೆ ಗೋಡೆಯಿಂದ ಚಾಚಿದ ಒಂದು ಮೆಟ್ಟಿಲುಕಲ್ಲು ಸಿಕ್ಕಿತು. ಹೇಗೋ ಹತ್ತಿ ಕೂತಳು. ಅದರ ಮೇಲಿನ ಮೆಟ್ಟಿಲುಗಳು ಎಂದೋ ಕಳಚಿ ಬಿದ್ದಿದ್ದವು. ಕೂಗಿದಳು. ಬಾವಿಯೊಳಗಿನ ಕೂಗು ಬಾವಿಯೊಳಗೇ ಸುತ್ತಿ ಸುಸ್ತಾಯಿತು.

ಮುಖದ ಮುಂದೆ ಗೇಣು ದೂರದಲ್ಲಿ ಈ ಸೊಪ್ಪಿತ್ತು. ಅವಳು ಉಸಿರು ಬಿಟ್ಟರೆ ಅದು ನಡುಗುತ್ತಿತ್ತು, ಉಸಿರು ಬಿಗಿಹಿಡಿದರೆ ನಿಲ್ಲುತ್ತಿತ್ತು. ಅವಳ ಜಡೆಯಿಂದ ತೊಟ್ಟಿಕ್ಕಿದ ನೀರು ಎಲೆಯ ಮೇಲೆ ಬಿದ್ದು, ಮುತ್ತಾಗಿ ಉರುಳಿ, ಕೆಳಗೆ ಹೋಗುತ್ತಿತ್ತು. ಎಲೆ ಮಾತ್ರ ನೆನೆಯುತ್ತಲೇ ಇರಲಿಲ್ಲ. ನೀರಿನ ಮನೆಯಲ್ಲೇ ಹುಟ್ಟಿ ನೀರಿಗೆ ನೆನೆಯದ ಎಲೆಯನ್ನು ಅವಳು ಹುಟ್ಟಿದಂದಿನಿಂದ ನೋಡಿರಲಿಲ್ಲ. ಗಾಬರಿಯಲ್ಲಿ ಮನೆದೇವರ ಹೆಸರೂ ಬಾಯಿಗೆ ಬರಲಿಲ್ಲ. ಕಣ್ಣೆದುರು ಇದ್ದದ್ದಕ್ಕೇ ಹರಕೆ ಹೊತ್ತುಬಿಟ್ಟಳು: "ನನ್ ಹೊಟ್ಟೇಲಿರೋದ್ನ ಉಳ್ಸು. ನಾನಿರೋಗಂಟ ನಿನ್ನ ನಾನು ಉಳಿಸ್ಕೋತೀನಿ."

ಸಂಜೆ ಸೊಪ್ಪಿನ ಹೊರೆ ಇಳಿಸಿ ಕೈಕಾಲು ತೊಳೆಯಲು ಬಂದ ಗಂಡ ಬೈರಣ್ಣ ಬಾವಿಯೊಳಗಿನ ನರಳಾಟ ಕೇಳಿ ಅವಳನ್ನು ಮೇಲೆತ್ತಿದ. ಅತ್ತೆ ಮೈಯೊರೆಸಿ, ಮೆಣಸಿನ ಕಷಾಯ ಕುಡಿಸಿ, ಮೊದಲು ಆಡಿದ ಮಾತು ಇದು: "ಯಾರ್ ಮುಂದೂ ಬಾಯಿ ಬಿಡ್ಬೇಡ. ಸೊಸೆ ಬಾವಿಗೆ ಬಿದ್ಲು ಅಂದ್ರೆ ಜನ ಹಾರ್ಕೊಂಡ್ಲು ಅಂತಾರೆ." ಅತ್ತೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಜನ ಹಾಗೇ ಅನ್ನುತ್ತಿದ್ದರು. ಮಗು ಉಳಿಯಿತು. ಬೀರೇಶ್ ಹುಟ್ಟಿದ, ಬೆಳೆದ. ಅತ್ತೆ ತೀರಿಕೊಂಡಳು, ಕೆಲವು ವರ್ಷಗಳ ಹಿಂದೆ ಬೈರಣ್ಣನೂ ಹೋದ. ಆ ಮಧ್ಯಾಹ್ನದ ಸಂಗತಿ ಗೊತ್ತಿದ್ದವರು ಎಂದರೆ ಪಾಪಕ್ಕ ಮತ್ತು ಆ ಸೊಪ್ಪು, ಇಬ್ಬರೇ ಉಳಿದರು.

ದೇವರ ಹರಕೆಯಾದರೆ ಸಲೀಸು. ಮುಡಿ ಕೊಟ್ಟರೆ, ಕೋಳಿ ಕೊಯ್ದರೆ ಮುಗಿಯಿತು. ತಡವಾದರೆ ದೇವರೇ ಯಾರದಾದರೂ ಮೈಮೇಲೆ ಬಂದು ಗದರಿಸಿ ಕೇಳುತ್ತಾನೆ. ಸೊಪ್ಪು ಯಾರ ಮೈಮೇಲೂ ಬರುವುದಿಲ್ಲ. ಕೇಳದವರಿಗೆ ಕೊಟ್ಟ ಮಾತೇ ಹೆಚ್ಚು ಭಾರ ಎಂದು ನನಗೆ ಪಾಪಕ್ಕನನ್ನು ನೋಡಿಯೇ ತಿಳಿದದ್ದು. ಬಾವಿ ಬತ್ತಿ, ಸೊಪ್ಪು ಒಣಗಿ ಎಲೆಯುದುರತೊಡಗಿದ ಬೇಸಿಗೆಯಲ್ಲಿ ಅವಳು ಮೊದಲ ಬಿಂದಿಗೆ ಹೊತ್ತಳು. ಆಮೇಲೆ ತಪ್ಪಿಸಲಿಲ್ಲ.

ಪಾಪಕ್ಕನ ಕಸುಬಿನ ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವಳು ಹುಳುಮನೆಯ ಹೆಣ್ಣು. ಮೊಟ್ಟೆಯಿಂದ ಆಗತಾನೇ ಹೊರಬಿದ್ದ ರೇಷ್ಮೆಹುಳು ಒಂದು ಚಿಟಿಕೆ ಕರಿ ಧೂಳಿನ ಹಾಗಿರುತ್ತದೆ. ಆ ಧೂಳನ್ನು ಮೊದಲ ವಾರ ಸಾಕಿ ಗಟ್ಟಿಮಾಡುವುದಕ್ಕೆ ಚಾಕಿ ಎನ್ನುತ್ತಾರೆ. ಸುತ್ತಲಿನ ಊರುಗಳ ರೈತರು ಚಾಕಿಗೆ ಪಾಪಕ್ಕನ ಮನೆಗೇ ಬರುತ್ತಿದ್ದರು. ಅವಳ ಹುಳುಮನೆಗೆ ಕಾಲು ತೊಳೆಯದೆ ಯಾರೂ ಕಾಲಿಡುವಂತಿರಲಿಲ್ಲ. ಸೆಂಟು ಹಾಕಿಕೊಂಡು ಬಂದ ನೆಂಟರನ್ನೂ ಹೊಸ್ತಿಲಾಚೆ ನಿಲ್ಲಿಸಿದವಳು. ಅವಳ ಕಾನೂನು ಎರಡು. ಒಂದು, ಎಲೆಯ ಹಿಂದೆ ಕಂದು ಚುಕ್ಕೆ ಕಂಡರೆ ಅದು ತುಕ್ಕು ರೋಗ, ಕಿತ್ತು ಸುಡಬೇಕು. ಇನ್ನೊಂದು, ಚಾಕಿಗೆ ತಂಪು ಬೇಕು, ತೇವ ಬೇಕು, ಆದರೆ ಒಂದು ಹನಿ ನೀರು ಮೇಲೆ ಬೀಳಬಾರದು. ಬಿದ್ದರೆ ಹುಳು ಸತ್ತಿತು. ಬೀರೇಶ್ ದೊಡ್ಡಬಳ್ಳಾಪುರದ ಫ್ಯಾಕ್ಟರಿಯೊಂದಕ್ಕೆ ಸೇರಿದ ಮೇಲೆ ಹಿಪ್ಪುನೇರಳೆ ಹೋಗಿ ಹಸುವಿನ ಮೇವು ಬಂತು, ಹುಳುಮನೆಗೆ ಬೀಗ ಬಿತ್ತು. ಕಾನೂನು ಮಾತ್ರ ಪಾಪಕ್ಕನ ಕೈಯಲ್ಲಿ ಹಾಗೇ ಉಳಿಯಿತು.

ಒಂದು ಬೆಳಿಗ್ಗೆ ಮೊಮ್ಮಗಳು ಹರ್ಷಿತ, ಅಜ್ಜಿ ದಿನಾ ಏನು ನೋಡುತ್ತಾಳೆಂದು ಬಾವಿಕಟ್ಟೆಗೆ ಹೊಟ್ಟೆ ಆನಿಸಿ ಬಗ್ಗಿದ್ದಳು. ಎರಡು ಕಾಲೂ ನೆಲ ಬಿಟ್ಟಿದ್ದವು. ಸೊಸೆ ಅಕ್ಷತ ಓಡಿಹೋಗಿ ಮಗುವಿನ ನಡು ಹಿಡಿದೆಳೆದಳು. ಅಂದು ಸಂಜೆ ಕೆಲಸದಿಂದ ಬಂದ ಬೀರೇಶ್ ಊಟಕ್ಕೆ ಕೂರಲೇ ಇಲ್ಲ.

"ಅವ್ವಾ, ಅದನ್ನ ಮುಚ್ಚಿಸ್ಬಿಡೋಣ. ನೀರಿಲ್ದಿರೋ ಬಾವಿ ಇಟ್ಕೊಂಡು ಏನ್ ಮಾಡೋದು? ಆಚೆ ಬೀದಿ ಸೊಣ್ಣಪ್ಪ ಅವನ ಹಳೇ ಮನೆ ಒಡೀತಾನಂತೆ, ಅದರ ಮಣ್ಣು ಕಲ್ಲು ಹಾಕಿಸ್ತೀನಿ."

ಬೇಡ ಎನ್ನಲು ಪಾಪಕ್ಕನಿಗೆ ಬಾಯಿ ಬರಲಿಲ್ಲ. ಬಾವಿಗೆ ಬೀಳುವುದೆಂದರೆ ಏನೆಂದು ಆ ಮನೆಯಲ್ಲಿ ಅವಳಿಗೆ ಗೊತ್ತಿದ್ದಷ್ಟು ಯಾರಿಗೆ ಗೊತ್ತು? "ಮುಚ್ಸು ಕಣಪ್ಪ" ಎಂದಳು. "ಮುನಿಸ್ವಾಮೀನ ಒಂದ್ಸಲ ಒಳಕ್ಕೆ ಇಳಿಸು ಅಷ್ಟೆ. ಆ ಸೊಪ್ಪು ನಂಗೆ ಬೇಕು." ಬೀರೇಶ್ ಹೆಂಡತಿಯ ಮುಖ ನೋಡಿದ. ವಯಸ್ಸಾಗುತ್ತಿದೆ ಎಂದು ಇಬ್ಬರೂ ಮನಸ್ಸಿನಲ್ಲೇ ಅಂದುಕೊಂಡರು. ಮಾರನೆಯ ದಿನವೇ ಅವನು ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿದ.

ಆಷಾಢದಲ್ಲಿ ಮುನಿಸ್ವಾಮಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಕೊಳವೆಬಾವಿ ಬರುವ ಮುಂಚೆ ಬಾವಿ ಹೂಳೆತ್ತುತ್ತಿದ್ದ ಆಳು, ಕೈ ಪಳಗಿದ್ದು. ಪಾಪಕ್ಕ ಮೇಲಿಂದ ಹೇಳಿದ್ದು ಒಂದೇ ಮಾತು, ಬೇರು ಸಮೇತ ಎಲ್ಲವನ್ನೂ ತಾ ಎಂದು. ಅವನು ಗಡಾರಿಯಿಂದ ಸಂದಿಯನ್ನೇ ಮೀಟಿ, ಒಂದು ಎಳೆಯೂ ಬಿಡದೆ, ಗೋಡೆ ಬೋಳು ಮಾಡಿ ಬುಟ್ಟಿ ತುಂಬಿಸಿದ.

ಎಷ್ಟೋ ವರ್ಷಗಳ ಮೇಲೆ ಪಾಪಕ್ಕ ಆ ಎಲೆಯನ್ನು ಕೈಯಲ್ಲಿ ಮುಟ್ಟಿದಳು. ಹುಳುಮನೆಯ ಕೈ ಸುಮ್ಮನಿರುತ್ತದೆಯೇ? ಎಲೆಯನ್ನು ತಿರುಗಿಸಿತು. ಹಿಂಬದಿಯ ಅಂಚಿನುದ್ದಕ್ಕೂ ಕಂದು ಗೆರೆ, ಕಂದು ಚುಕ್ಕೆ. ಒಂದೆರಡು ಎಲೆಗಲ್ಲ, ಬಲಿತ ಎಲೆಗಳಿಗೆಲ್ಲ. ಅಲ್ಲಿ ಕತ್ತಲಲ್ಲಿ ಇದು ತುಕ್ಕು ಹಿಡಿದು ನರಳುತ್ತಿದ್ದರೂ ತಾನು ಮೇಲಿಂದ ನೀರು ಬಿಟ್ಟು ಹರಕೆ ತೀರಿತೆಂದು ಬರುತ್ತಿದ್ದೆನಲ್ಲ ಎಂದು ಅವಳಿಗೆ ಸಂಕಟವಾಯಿತು. ಚುಕ್ಕೆಯಿದ್ದ ಎಲೆಗಳನ್ನೆಲ್ಲ ಒಂದೊಂದೇ ಚಿವುಟಿ ಗುಡ್ಡೆ ಹಾಕಿದಳು.

ಬೆಂಕಿ ಹಚ್ಚುವ ಹೊತ್ತಿಗೆ ನೂರುನ್ನೀಸಾ ಬಂದಳು. ದೊಡ್ಡಬಳ್ಳಾಪುರದ ಹೊರಗೆ ರಸ್ತೆಬದಿಯಲ್ಲಿ ಗುಲಾಬಿ, ಕ್ರೋಟನ್ನು, ಮಾವಿನ ಸಸಿ ಮಾರುವ ನರ್ಸರಿ ಅವಳದು. ಗಂಡ ಚಾಂದ್ ಪಾಷಾ ಟೆಂಪೋ ಓಡಿಸುತ್ತಾನೆ. ಕೊಟ್ಟಿಗೆ ಗೊಬ್ಬರಕ್ಕೆ ಪಾಪಕ್ಕನ ಮನೆಗೇ ಬರುವುದು, ಬಂದರೆ ಒಂದು ಲೋಟ ಕಾಫಿ ಕುಡಿಯದೆ ಹೋಗುವುದಿಲ್ಲ.

"ಅರೆ, ಇದು ಹನ್ಸ್‌ರಾಜ್ ಸೊಪ್ಪಲ್ವಾ?" ಎಂದು ಗುಡ್ಡೆಯಿಂದ ಒಂದು ಹಿಡಿ ಎತ್ತಿಕೊಂಡಳು. "ನಮ್ ಅತ್ತೆ ಕೆಮ್ಮಿಗೆ ಇದನ್ನೇ ಕುದಿಸಿ ಕೊಡ್ತಿದ್ರು. ಪಾಷಾ ಅವ್ರಿಗೆ ರಾತ್ರಿಯೆಲ್ಲ ಕೆಮ್ಮು."

"ಬೇಡ ಕಣಮ್ಮ, ರೋಗದ ಎಲೆ."

"ಕುದ್ಯೋ ನೀರಲ್ಲಿ ಯಾವ್ ರೋಗ ಉಳೀತದೆ ಪಾಪಕ್ಕ?" ಎಂದು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಉಳಿದದ್ದಕ್ಕೆ ಪಾಪಕ್ಕ ಬೆಂಕಿ ಇಟ್ಟಳು.

ಬೋಳಾದ ಬೇರುಗಡ್ಡೆಯನ್ನು ದೊಡ್ಡ ಕುಂಡದಲ್ಲಿ ಕೆಮ್ಮಣ್ಣು ಹಾಕಿ, ಹಳೆಯ ಗೊಬ್ಬರವನ್ನು ಬೊಗಸೆ ಬೊಗಸೆ ತುಂಬಿ ನೆಟ್ಟಳು. ಕಲ್ಲು ನೆಕ್ಕಿ ಬದುಕಿದ್ದಕ್ಕೆ ಕೊನೆಗಾದರೂ ಹೊಟ್ಟೆ ತುಂಬ ಉಣ್ಣಲಿ ಎಂಬ ಆಸೆ. ಉಪವಾಸದವನಿಗೆ ಒಮ್ಮೆಗೇ ಹಬ್ಬದೂಟ ಬಡಿಸಿದರೆ ಆಗುವುದೇ ಆಯಿತು. ಶ್ರಾವಣ ಕಳೆಯುವುದರೊಳಗೆ ಎಳೆ ಚಿಗುರು ಕಪ್ಪಾಯಿತು, ಗಡ್ಡೆ ಕೊಳೆಯಿತು. ಪಾಪಕ್ಕ ಕುಂಡವನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿ ನೂರುನ್ನೀಸಾಳ ನರ್ಸರಿಗೆ ಬಂದಳು.

ನೂರುನ್ನೀಸಾ ಬೆರಳಿಟ್ಟು ನೋಡಿ ತಲೆಯಾಡಿಸಿದಳು. ಅವಳ ಮಗಳು ತಂಜೀಲಾ ಅಲ್ಲೇ ಇದ್ದಳು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವವಳು. "ಎಲೆ ಹಿಂದೆ, ಅಂಚಲ್ಲಿ, ಕಂದು ಬಣ್ಣ ಇತ್ತಾ ಪಾಪಕ್ಕ?" ಎಂದು ಕೇಳಿದಳು.

"ಇತ್ತು ಕಣವ್ವ. ತುಕ್ಕು. ಎಲ್ಲಾ ಕಿತ್ತು ಸುಟ್ಟೆ. ಆದ್ರೂ ಉಳೀಲಿಲ್ಲ."

ಹುಡುಗಿ ಹೇಳಲೋ ಬೇಡವೋ ಎಂಬಂತೆ ತಾಯಿಯ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ಅದು ರೋಗ ಅಲ್ಲ. ಇದು ಜರೀಗಿಡದ ಜಾತಿ. ಇದಕ್ಕೆ ಹೂವಿಲ್ಲ, ಕಾಯಿಲ್ಲ, ಬೀಜಾನೂ ಇಲ್ಲ. ಎಲೆ ಹಿಂದಿರೋ ಆ ಪುಡೀನೇ ಅದರ ಸಂತಾನ" ಎಂದಳು.

ಪಾಪಕ್ಕ ಗುಲಾಬಿ ಕುಂಡಗಳ ನಡುವೆ ನೆಲಕ್ಕೆ ಕೂತುಬಿಟ್ಟಳು. ತನ್ನ ಹೊಟ್ಟೆಯಲ್ಲಿದ್ದದ್ದನ್ನು ಉಳಿಸು ಎಂದು ಅದನ್ನು ಬೇಡಿಕೊಂಡವಳು ಅದರ ಮಡಿಲಲ್ಲಿದ್ದದ್ದನ್ನೆಲ್ಲ ತನ್ನ ಕೈಯಾರೆ ಸುಟ್ಟಿದ್ದಳು. ಅಲ್ಲಿಯವರೆಗೆ ಯಾರಿಗೂ ಹೇಳದ ಬಾವಿಯ ಕತೆಯನ್ನು ಅವಳು ಅಂದು ಆ ತಾಯಿ ಮಗಳಿಗೆ ಹೇಳಿದಳು. ಅಳಲಿಲ್ಲ. ಅಳು ಬಂದಿದ್ದರೆ ಚೆನ್ನಾಗಿತ್ತು.

ನೂರುನ್ನೀಸಾ ಇದ್ದಕ್ಕಿದ್ದಂತೆ ಎದ್ದು ರಸ್ತೆ ದಾಟಿ ಮನೆಗೆ ಓಡಿದಳು. ಹನ್ಸ್‌ರಾಜನ್ನು ಅವಳು ನೆರಳಲ್ಲಿ ಒಣಗಿಸಿ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದಳು. ಚಾಂದ್ ಪಾಷಾನ ಕೆಮ್ಮಿಗೆ ಎಲೆಯೆಲ್ಲ ಮುಗಿದಿತ್ತು, ಡಬ್ಬಿ ತೊಳೆಯುವ ಪಾತ್ರೆಗಳ ಜೊತೆ ಕೂತಿತ್ತು. ಪುಣ್ಯಕ್ಕೆ ನೀರು ಬಿದ್ದಿರಲಿಲ್ಲ. ತಂದು ಪಾಪಕ್ಕನ ಮುಂದೆ ಮುಚ್ಚಳ ತೆಗೆದಳು. ತಳದಲ್ಲಿ ಎರಡು ಕಪ್ಪು ಕಡ್ಡಿ, ಮತ್ತೆ ನಶ್ಯದಂಥ ಕಂದು ಧೂಳು, ಒಂದು ಚಿಟಿಕೆಯೂ ಇರಲಿಲ್ಲ.

"ಇದೇನಾ?" ಎಂದು ತಾಯಿ ಕೇಳಿದಳು. "ಇದೇ" ಎಂದಳು ಮಗಳು. "ಆದ್ರೆ ಇದನ್ನ ಬೆಳೆಸೋದು ಕಷ್ಟ. ಧೂಳು ಇದ್ದಂಗಿದೆ, ಯಾರು ಸಾಕ್ತಾರೆ?"

ಪಾಪಕ್ಕ ಡಬ್ಬಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡಳು. "ಧೂಳು ಸಾಕಿದೋಳೇ ಕಣವ್ವ ನಾನು" ಎಂದಳು.

ಹುಳುಮನೆಯ ಬೀಗ ತೆರೆಯಿತು. ಬ್ಲೀಚಿಂಗ್ ಪುಡಿ ಹಾಕಿ ನೆಲ ತೊಳೆದಳು, ಗೋಡೆಗೆ ಸುಣ್ಣ ಬಳಿದಳು. ಜಾಲರಿ ಸರಿಸಿ ಮುನಿಸ್ವಾಮಿಯನ್ನು ಮತ್ತೆ ಬಾವಿಗಿಳಿಸಿ ಆ ಸಂದಿಯ ಹಳೆಯ ಗಾರೆಯ ಚೂರು ತರಿಸಿಕೊಂಡಳು. ಅದನ್ನು ಕುಟ್ಟಿ, ಇಟ್ಟಿಗೆಪುಡಿ ಬೆರೆಸಿ, ತಂಜೀಲಾ ಹೇಳಿದಂತೆ ಕುದಿನೀರು ಹೊಯ್ದು ಆರಿಸಿ, ಚಾಕಿ ತಟ್ಟೆಯಲ್ಲಿ ಹರಡಿದಳು. ಕೋಳಿಯ ಮೆತ್ತನೆ ಗರಿಯಿಂದ, ಮೊದಲ ದಿನದ ಹುಳುವನ್ನು ಇಳಿಸುವ ಹಾಗೇ, ಧೂಳನ್ನು ಇಳಿಸಿದಳು. ಸುತ್ತ ಒದ್ದೆ ಸ್ಪಂಜಿನ ಪಟ್ಟಿ, ಮೇಲೆ ಗಾಜು. ಅಕ್ಷತ ಬಾಗಿಲಲ್ಲಿ ನಿಂತು, "ಅತ್ತೆ, ಏನಿಟ್ಟಿದ್ದೀರಾ?" ಎಂದರೆ, "ಚಾಕಿ" ಎನ್ನುತ್ತಿದ್ದಳು. ಸೊಸೆ ಬಗ್ಗಿ ನೋಡಿದರೆ ಬರಿಯ ಮಣ್ಣು ಕಾಣುತ್ತಿತ್ತು.

ಗೌರಿ ಹಬ್ಬ ಬಂತು, ಹೋಯಿತು. ಮಣ್ಣು ಮಣ್ಣಾಗಿಯೇ ಇತ್ತು. ದಸರೆಯ ಹೊತ್ತಿಗೆ ಅದರ ಮೇಲೆ ಹಸಿರು ಬೂಜಿನಂಥದ್ದು ಕಟ್ಟಿಕೊಂಡಿತು. ಪಾಚಿ, ತೇವ ಹೆಚ್ಚಾಯಿತು ಎಂದು ಕೆರೆಯಲು ಪಾಪಕ್ಕನ ಕೈ ಮುಂದಾಯಿತು. ಆದರೆ ಕಂಡದ್ದನ್ನೆಲ್ಲ ರೋಗವೆಂದು ಒಮ್ಮೆ ಕೆಟ್ಟಿದ್ದ ಕೈ. ಅದು ತಾನಾಗಿಯೇ ಹಿಂದಕ್ಕೆ ಬಂತು.

ದೀಪಾವಳಿಗೆ ಆ ಪಾಚಿ ಬಿಡಿಬಿಡಿಯಾಯಿತು. ಒಂದು ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಬಗ್ಗಿದರೆ, ತಟ್ಟೆಯ ತುಂಬ ಅರಳಿ ಎಲೆಯ ಆಕಾರದ, ಹೆಸರುಕಾಳಿನಷ್ಟು ಪುಟ್ಟ ಹಸಿರು ತುಣುಕುಗಳು ನೆಲಕ್ಕೆ ಅಂಟಿ ಮಲಗಿದ್ದವು. ಬೆಳಕು ಅವುಗಳ ಮೂಲಕ ಹಾದುಹೋಗುತ್ತಿತ್ತು. ಆದರೆ ಇದು ಅವಳ ಬಾವಿಸೊಪ್ಪಲ್ಲ. ಕಪ್ಪು ಕಡ್ಡಿಯಿಲ್ಲ, ಕೊತ್ತಂಬರಿ ಎಲೆಯಿಲ್ಲ. ಯಾರದೋ ಮಗುವನ್ನು ತೊಟ್ಟಿಲಲ್ಲಿ ತೂಗುತ್ತಿದ್ದೇನೆಯೇ ಎಂದು ಅವಳಿಗೆ ದಿಗಿಲಾಯಿತು.

ತಂಜೀಲಾ ಫೋನಿನಲ್ಲಿ ಫೋಟೋ ನೋಡಿ ನಕ್ಕಳು. "ಅದೇ ಪಾಪಕ್ಕ, ಬೇರೆ ಅಲ್ಲ. ಇದರ ಮಗು ತಾಯಿ ಥರ ಇರೋದಿಲ್ಲ. ಈ ಮಗೂಗೆ ಹುಟ್ಟೋ ಮೊಮ್ಮಗು ಅಜ್ಜಿ ಥರ ಇರುತ್ತೆ. ಕಾಯ್ತಾ ಇರಿ."

ಮೊಟ್ಟೆ ಹುಳುವಾಗಿ, ಹುಳು ಗೂಡು ಕಟ್ಟಿ, ಗೂಡಿನಿಂದ ಚಿಟ್ಟೆ ಹೊರಡುವುದನ್ನು ಜೀವಮಾನವೆಲ್ಲ ನೋಡಿದ ಪಾಪಕ್ಕನಿಗೆ ಇದು ನಂಬಲಾಗದ ಮಾತಲ್ಲ. ಕಾದಳು. ದಿನವೂ ಗಾಜಿನ ಒಳಮೈಯಲ್ಲಿ ಕಟ್ಟಿದ ಹನಿಗಳನ್ನು ಬಟ್ಟೆಯಿಂದ ಒರೆಸಿದಳು. ಒಂದು ಹನಿಯೂ ಆ ಎಳೆಯವುಗಳ ಮೇಲೆ ಬೀಳಗೊಡಲಿಲ್ಲ. ಸಂಕ್ರಾಂತಿ ಬಂತು. ಹಸಿರು ತುಣುಕುಗಳು ಅಷ್ಟೇ ಇದ್ದವು. ಕೆಲವು ಅಂಚಿನಲ್ಲಿ ಹಳದಿಯಾಗತೊಡಗಿದವು. ಎಳ್ಳು ಬೆಲ್ಲ ತೆಗೆದುಕೊಳ್ಳಲು ಬಂದ ನೂರುನ್ನೀಸಾ ಮತ್ತು ತಂಜೀಲಾ ಕಾಲು ತೊಳೆದು ಹುಳುಮನೆಯೊಳಗೆ ಬಂದರು.

"ನೀರು ಹಾಕ್ತೀರಾ?" ಎಂದಳು ಹುಡುಗಿ.

"ಒಂದ್ ಹನಿ ಬೀಳೋಕ್ ಬಿಟ್ಟಿಲ್ಲ" ಎಂದಳು ಪಾಪಕ್ಕ ಹೆಮ್ಮೆಯಿಂದ. "ದಿನಾ ಒರೆಸ್ತೀನಿ."

ತಂಜೀಲಾ ತಟ್ಟೆಯ ಪಕ್ಕ ಮಂಡಿಯೂರಿದಳು. "ಇವಕ್ಕೆ ಮದುವೆ ಆಗ್ಬೇಕು ಪಾಪಕ್ಕ. ಈ ಪುಟ್ಟ ಎಲೇಲೇ ಗಂಡೂ ಇದೆ, ಹೆಣ್ಣೂ ಇದೆ. ಕಣ್ಣಿಗೆ ಕಾಣೋದಿಲ್ಲ ಅಷ್ಟೆ. ಗಂಡು ಈಜ್ಕೊಂಡು ಹೆಣ್ಣಿನ ಹತ್ರ ಹೋಗ್ಬೇಕು. ಮೇಲೆ ನೀರು ನಿಂತ್ರೆ ತಾನೇ ಈಜೋದು? ಭೂಮೀಲಿ ಮೊದಲನೇ ಹೂವು ಅರಳೋಕೆ ಎಷ್ಟೋ ಕೋಟಿ ವರ್ಷ ಮುಂಚೆಯಿಂದ ಈ ಕುಲ ಹೀಗೇ ಬದುಕ್ತಾ ಇದೆ. ಒಂದು ಹನಿ ಸಾಕು."

ಪಾಪಕ್ಕನ ಕೈಯಲ್ಲಿ ಒರೆಸುವ ಬಟ್ಟೆ ಇನ್ನೂ ಇತ್ತು. "ಇಷ್ಟಗಲದಾಗೆ ಈಜೋದು ಐತಾ?" ಎಂದು ಅವಳು ಕೇಳಿದಳು. ಬತ್ತಿದ ಬಾವಿಗೆ ವರ್ಷಗಟ್ಟಲೆ ಬಿಂದಿಗೆ ಹೊತ್ತವಳು, ಕೊನೆಗೆ ತನ್ನ ಅಚ್ಚುಕಟ್ಟಿನಿಂದಲೇ ಅದಕ್ಕೆ ಒಂದು ಹನಿ ನೀರು ತಪ್ಪಿಸಿದ್ದಳು. ಎಲೆ ನೀರಿಗೆ ನೆನೆಯುವುದಿಲ್ಲ; ಆದ್ದರಿಂದ ನೀರಿನ ಹಂಗಿಲ್ಲ ಎಂದು ಬಾವಿಯೊಳಗೆ ಕೂತ ದಿನ ಅಂದುಕೊಂಡಿದ್ದಳು. ಅದರ ಹುಟ್ಟೇ ಒಂದು ಹನಿಯೊಳಗಿತ್ತು.

ಅಂದು ಅವಳು ಬಟ್ಟೆಯನ್ನು ಗೂಟಕ್ಕೆ ಹಾಕಿದಳು. ಬಾಯಿಗೆ ಒಂದು ಗುಟುಕು ನೀರು ತುಂಬಿಕೊಂಡು, ಬಟ್ಟೆ ಇಸ್ತ್ರಿ ಮಾಡುವವರ ಹಾಗೆ, ತಟ್ಟೆಯ ಮೇಲೆ ಉಫ್ ಎಂದು ತುಂತುರು ಊದಿದಳು. ಪುಟ್ಟ ಅರಳಿ ಎಲೆಗಳ ಮೇಲೆಲ್ಲ ನೀರು ಮಿನುಗಿತು. ಆ ಮಿನುಗಿನೊಳಗೆ ಯಾರು ಯಾರನ್ನು ಹುಡುಕಿಕೊಂಡು ಈಜುತ್ತಿದ್ದಾರೋ ಎಂದು ಮೂವರೂ ಉಸಿರು ಬಿಗಿಹಿಡಿದು ನೋಡಿದರು. ಏನೂ ಕಾಣಲಿಲ್ಲ. ಆದರೂ ಯಾರೂ ಬೇಗ ಎದ್ದು ಬರಲಿಲ್ಲ.

ಶಿವರಾತ್ರಿಯ ನಂತರ ಸೊಣ್ಣಪ್ಪನ ಹಳೇ ಮನೆ ಉರುಳಿತು. ಒಂದು ಭಾನುವಾರ ಬೆಳಿಗ್ಗೆ ಅದರ ಮಣ್ಣು ತುಂಬಿದ ಟ್ರ್ಯಾಕ್ಟರು ಹಿತ್ತಲಿಗೆ ಬಂತು. ಬೀರೇಶ್ ಜಾಲರಿ ತೆಗೆಸಿ, ಒಂದು ಮಾತು ಹೇಳೋಣವೆಂದು ಅವ್ವನನ್ನು ಹುಡುಕಿಕೊಂಡು ಹುಳುಮನೆಗೆ ಬಂದ. ಬಾಗಿಲಲ್ಲಿ ತಾನಾಗಿಯೇ ಕಾಲು ತೊಳೆದ. ಚಿಕ್ಕಂದಿನ ಅಭ್ಯಾಸ. ಒಳಗೆ ಪಾಪಕ್ಕ ತಟ್ಟೆಯ ಮುಂದೆ ಕೂತು ಅಳುತ್ತಿದ್ದಳು.

"ಏನವ್ವಾ? ಬಾವಿ ಮುಚ್ಚೋದ್ ಬೇಡ್ವಾ?"

ಅವಳು ತೋರಿಸಿದಳು. ಒಂದು ಹಸಿರು ತುಣುಕಿನ ನಡುವಿನಿಂದ ದಾರದೆಳೆಯಷ್ಟು ಸಣ್ಣದೊಂದು ಚಿಗುರು ಎದ್ದಿತ್ತು. ತುದಿ ಒಳಕ್ಕೆ ಸುರುಳಿ ಸುತ್ತಿತ್ತು. ಹೊಟ್ಟೆಯೊಳಗಿನ ಕೂಸು ಹಾಗೇ ಮಲಗಿರುತ್ತದೆ, ತಲೆ ಬಗ್ಗಿಸಿಕೊಂಡು, ಮುದುಡಿಕೊಂಡು. ಪಕ್ಕದಲ್ಲಿ ಇನ್ನೊಂದು. ಆಚೆ, ಆಗಲೇ ಬಿಚ್ಚಿಕೊಂಡ ಒಂದರ ತುದಿಯಲ್ಲಿ ಕೊತ್ತಂಬರಿಯಂಥ ಒಂದೇ ಒಂದು ಎಲೆ.

"ಇದಕ್ಕೇನಾ ಇಷ್ಟೆಲ್ಲ? ಯಾಕವ್ವ?"

"ನೀನು ನನ್ ಹೊಟ್ಟೇಲಿದ್ದೆ ಕಣೋ" ಎಂದು ಪಾಪಕ್ಕ ಶುರುಮಾಡಿದಳು. ಹಗ್ಗ ಕಿತ್ತದ್ದು, ಕಲ್ಲಿನ ಮೇಲೆ ಕೂತದ್ದು, ಹರಕೆ, ಎಲ್ಲ ಹೇಳಿದಳು. ಹೊರಗೆ ಟ್ರ್ಯಾಕ್ಟರು ಗುಡುಗುತ್ತಲೇ ಇತ್ತು.

"ಇಷ್ಟ್ ವರ್ಷ ನಂಗ್ಯಾಕ್ ಹೇಳ್ಲಿಲ್ಲ?"

"ಬಿದ್ದೆ ಅಂದ್ರೆ ಹಾರಿದ್ಲು ಅನ್ನೋರು. ನಿನ್ ಕಿವಿಗೂ ಅದೇ ಬೀಳೋದು."

ಬೀರೇಶ್ ಎದ್ದು ಹೊರಗೆ ಹೋದ. ಟ್ರ್ಯಾಕ್ಟರು ನಿಂತಿತು. ಅವನು ಮುನಿಸ್ವಾಮಿಗೆ ಹೇಳಿ ಕಳಿಸಿ, ಹಗ್ಗ ತಾನೇ ಹಿಡಿದು, ಮೂಡಲ ಗೋಡೆಯ ಕಲ್ಲುಗಳನ್ನು ಆ ಸಂದಿಯವರೆಗೂ ಒಂದೊಂದಾಗಿ ಬಿಡಿಸಿ ಮೇಲೆತ್ತಿಸಿದ. ಮಧ್ಯಾಹ್ನ ದಾಟಿತು. ಆಮೇಲೆ ಬಾವಿಗೆ ಮಣ್ಣು ಬಿತ್ತು. ಪಾಪಕ್ಕ ನೋಡುತ್ತಾ ನಿಂತಳು. ಬಾವಿ ತುಂಬಿದಾಗ ಅವಳಿಗೆ ದುಃಖವಾಗಲಿಲ್ಲ, ಒಂದು ಭಯ ಮುಗಿದಂತಾಯಿತು.

ಆ ಕಲ್ಲುಗಳಿಂದ ಬೀರೇಶ್ ಬಚ್ಚಲಿನ ಹಿಂದೆ ನೀರಿನ ತೊಟ್ಟಿ ಕಟ್ಟಿಸಿದ. ಸಿಮೆಂಟು ಬೇಡ, ಸುಣ್ಣದ ಗಾರೆಯೇ ಆಗಬೇಕೆಂದು ಮೇಸ್ತ್ರಿಯ ಹತ್ತಿರ ಜಗಳವಾಡಿದ. ಮಳೆಗಾಲದಲ್ಲಿ ಪಾಪಕ್ಕ ತಟ್ಟೆಯ ಸಸಿಗಳನ್ನು ತೊಟ್ಟಿಯ ಮೂಡಲ ಮಗ್ಗುಲಿನ ಸಂದಿಗಳಲ್ಲಿ ಕೂರಿಸಿದಳು. ಒಂದು ಸಸಿ ನೂರುನ್ನೀಸಾಳ ನರ್ಸರಿಗೂ ಹೋಯಿತು. ಅದನ್ನು ಮಾರುವುದಿಲ್ಲ ಎಂದು ಅವಳು ಕೇಳಿದವರಿಗೆಲ್ಲ ಹೇಳುತ್ತಾಳೆ.

ಅದಾಗಿ ಎರಡು ಮಳೆಗಾಲ ಕಳೆದಿದೆ. ಮೊನ್ನೆ ಅಕ್ಷತ ಪಾತ್ರೆ ತೊಳೆಯುತ್ತಿದ್ದವಳು, "ಅತ್ತೆ, ಇಲ್ಲಿ ನೋಡಿ" ಎಂದು ಕರೆದಳು. ತೊಟ್ಟಿಯ ಪಡುವಲ ಮಗ್ಗುಲಿನಲ್ಲಿ, ಯಾರೂ ಏನೂ ನೆಡದ ಕಡೆ, ಗಾರೆಯ ಸಣ್ಣ ಬಿರುಕಿನೊಳಗೆ ಪುಟ್ಟ ಅರಳಿ ಎಲೆಗಳು ಅಂಟಿಕೊಂಡಿದ್ದವು. ಒಂದರಿಂದ ಸುರುಳಿ ಎದ್ದಿತ್ತು. ತಟ್ಟೆಯಿಲ್ಲ, ಗಾಜಿಲ್ಲ, ಗರಿಯಿಲ್ಲ. ಗಾಳಿ ಧೂಳು ತಂದಿತ್ತು, ಪಾತ್ರೆ ತೊಳೆದ ನೀರು ಹನಿ ಕೊಟ್ಟಿತ್ತು. ಪಾಪಕ್ಕ ಕಲ್ಲಿಗೆ ಕೈ ಆನಿಸಿ ನಿಂತಳು. ನಾನಿರುವವರೆಗೆ ನಿನ್ನನ್ನು ಉಳಿಸುತ್ತೇನೆ ಎಂದು ಹರಕೆ ಹೊತ್ತಿದ್ದಳು. ತಾನಿಲ್ಲದಿದ್ದರೂ ಅದು ಉಳಿಯುತ್ತದೆ ಎಂಬುದು ಅವಳಿಗೆ ಆಗ ಕಂಡಿತು.

ಅಕ್ಷತ ಮೂಡಲ ಮಗ್ಗುಲಿನ ಬಲಿತ ಗಿಡದ ಎಲೆ ತಿರುಗಿಸಿ, "ಇದಕ್ಕೆ ತುಕ್ಕು ಬಂದೈತೆ ಅತ್ತೆ, ಕಿತ್ತಾಕ್ಲಾ?" ಎಂದಳು.

"ಕೀಳ್ಬೇಡ" ಎಂದಳು ಪಾಪಕ್ಕ. "ಊದು."